ಅಕ್ಷರಾಭ್ಯಾಸದಲ್ಲಿ ಉಪಕರಣಗಳ ಸ್ಥಾನ

ಪ್ರಾಥಮಿಕ ಪಾಠಶಾಲೆಗಳಲ್ಲಿ ಗಣಕಯಂತ್ರವು ಪ್ರವೇಶಿಸಿದುದರಿಂದ ಬರವಣಿಗೆಯು ಕೆಡುವುದೆಂದು ಕೆಲವರೂ, ಕೈಬರಹವೇ ಇನ್ನು ಅನಾವಶ್ಯಕವೆಂದು ಕೆಲವರೂ ಹೇಳುವರು. ಅಕ್ಷರಕ್ಕೆ ರೂಪ, ಧ್ವನಿ ಎಂದು ಎರಡು ಅಂಗಗಳುಂಟು. ಯಾವ ಉಪಕರಣವು ಯಾವ ಅಂಗವನ್ನು ಕಲಿಸುವುದೆಂಬುದನ್ನು ವಿವೇಚಿಸಿದಲ್ಲದೆ ಈ ವಾದವು ತೀರದು.

ಪಾಠಶಾಲೆಗೆ ಉಪಕರಣವು ಹೊಸತಲ್ಲ. ಪೂರ್ವದಲ್ಲಿ ಐಗಳ ಮಠಗಳ ಬಾಲಕರು ಮರಳನ್ನು ಹರಡಿ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಮರಳಿನ ಈ ಪದ್ಧತಿಯನ್ನು ಮದರಾಸಿನಲ್ಲಿ ಕಂಡು ತನ್ನ ಶಾಲೆಯಲ್ಲಿ ಅಳವಡಿಸಿದ ಆಂಡ್ರ್ಯೂ ಬೆಲ್ಲನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಇಂಗ್ಲೆಂಡಿಗೂ ಪರಿಚಿತವಾಯಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುವುದು ಕನ್ನಡನಾಡಿನ ರೂಢಿಯಾಗಿತ್ತು. ಅನಂತರ ಕಲ್ಲಿನ ಹಲಗೆಯು ಬಂದಿತು. ಇವೆಲ್ಲಕ್ಕೂ ಸಾಮಾನ್ಯವಾದ ಗುಣವೊಂದುಂಟು: ತಪ್ಪನ್ನು ಅಳಿಸಿ ಮರಳಿ ಬರೆಯಬಹುದು. ಕನ್ನಡದಲ್ಲಿ ‘ತಿದ್ದು’ ಎಂಬ ಒಂದೇ ಧಾತುವು ಅಕ್ಷರವನ್ನು ಅಭ್ಯಸಿಸುವುದನ್ನೂ ದೋಷವನ್ನು ಸರಿಪಡಿಸುವುದನ್ನೂ ಹೇಳುವುದು ಸಾರ್ಥಕವಾಗಿದೆ.

ಕೀಲಿಮಣೆಯು ರೂಪವನ್ನು ಕಲಿಸಲಾರದು; ಕೀಲಿಯನ್ನು ಒತ್ತಿದೊಡನೆ ಸಿದ್ಧಾಕ್ಷರವೇ ಮೂಡುವುದು. ಆದರೆ ಹಲಗೆಯು ಮರೆಮಾಡುವ ಧ್ವನಿಕ್ರಮವನ್ನು ಅದು ಬಯಲಿಗೆ ತರುವುದು. ‘ಸೂರ್ಯ’ ಎಂಬಲ್ಲಿ ರಕಾರವು ಯಕಾರಕ್ಕಿಂತ ಮೊದಲು ಉಚ್ಚರಿತವಾದರೂ ಅರ್ಕಾವೊತ್ತನ್ನು ಯಕಾರದ ಬಲಕ್ಕೆ ಬರೆಯುವರು. ‘ಸ್ತ್ರೀ’ ಎಂಬಲ್ಲಿ ಕಡೆಯಲ್ಲಿ ಉಚ್ಚರಿತವಾಗುವ ಸ್ವರದ ಗುಡಿಸು ಸಕಾರದ ತಲೆಯನ್ನೇರುವುದು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನೊಳಗೊಂಡ ಯೂನಿಕೋಡ್ ಸಂಕೇತದಲ್ಲಾದರೋ ವರ್ಣಗಳು ಉಚ್ಚಾರಣೆಯ ಕ್ರಮದಲ್ಲಿಯೇ ನಿಲ್ಲುವುವು: ಸಕಾರ, ತಕಾರ, ರಕಾರಗಳು ನಡುನಡುವೆ ಹಲಂತಚಿಹ್ನೆಯೊಡನೆ; ಕಟ್ಟಕಡೆಗೆ ಈಕಾರ. ಸ್ವರದ ವ್ಯವಧಾನವಿಲ್ಲದ ವ್ಯಂಜನಗಳ ಸಮೂಹವೇ ಸಂಯೋಗವೆಂಬ ಪಾಣಿನೀಯ ಲಕ್ಷಣವು ಇಲ್ಲಿ ಬಾಲಕನಿಗೂ ಪ್ರತ್ಯಕ್ಷವಾಗುವುದು.

ರೂಪವನ್ನು ಮಾತ್ರ ಬಲ್ಲವರು ಅರ್ಕಾವೊತ್ತಿನ ಸ್ಥಾನದಲ್ಲಿ ಒಂಬತ್ತರ ಅಂಕೆಯನ್ನಿಟ್ಟು ‘ಕನಾ೯ಟಕ’ ಎಂದು ಅಚ್ಚಿಸುವುದುಂಟು. ಕಣ್ಣಿಗೆ ಅದು ಸರಿಯೇ. ಯಂತ್ರಕ್ಕಾದರೋ ಅದು ನಾಡಿನ ಹೆಸರಲ್ಲ, ಹುಡುಕಿದರೆ ದೊರೆಯದು. ಧ್ವನಿಕ್ರಮವನ್ನು ಮಾತ್ರ ಬಲ್ಲ ಬಾಲಕನಾದರೋ ಲೇಖನಿಯನ್ನು ಕೊಟ್ಟರೆ ಒತ್ತಕ್ಷರವನ್ನು ಬರೆಯಲಾರನು. ಒಂದೊಂದು ಅಂಗದ ಲೋಪದಿಂದ ಒಂದೊಂದು ಅನರ್ಥ.

ಆದುದರಿಂದ ಮೂಲಾಕ್ಷರಗಳೂ ಗುಣಿತಾಕ್ಷರಗಳೂ ಹಲಗೆಯ ಮೇಲೆಯೇ ಸಿದ್ಧಿಸತಕ್ಕುವು. ಒತ್ತಕ್ಷರದ ಪಾಠವು ಬಂದಾಗ ಪದವನ್ನು ಮೊದಲು ಬಾಯಲ್ಲಿ ಬಿಡಿಸಿ, ಕೈಯಿಂದ ಬರೆಯಿಸಿ, ಬಳಿಕ ಕೀಲಿಗಳಿಂದ ಜೋಡಿಸಿಸುವುದು ಯುಕ್ತ. ಉಪಾಧ್ಯಾಯನು ಹೀಗೆ ಎರಡನ್ನೂ ಹೊಂದಿಸಿದಲ್ಲಿ ಯಂತ್ರವು ಬಳಪಕ್ಕೆ ಸವತಿಯಾಗದೆ ಸಹಾಯವಾಗುವುದು.