ಪೆನ್ ಡ್ರೈವಿನಲ್ಲಿ ಬಂದ ಹುಳು

ಕಳೆದ ದೀಪಾವಳಿಗೆ ಮುಂಚೆ ಒಂದು ದಿನ, ಡೊಂಬಿವಲಿಯಲ್ಲಿರುವ ಭಗಿನಿಯೊಬ್ಬರು ನಮ್ಮ ಸಂಘದ ಕಚೇರಿಗೆ ಬಂದರು. ಮೂಲತಃ ಕುಮಟೆಯ ಕಡೆಯವರು. ಮುಂಬಯಿಗೆ ಬಂದು ನಾಲ್ವತ್ತು ವರ್ಷಗಳಾಗಿವೆ. ಕೈಚೀಲದಿಂದ, ಕರವಸ್ತ್ರದಲ್ಲಿ ಸುತ್ತಿದ್ದ ಪೆನ್ ಡ್ರೈವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಅವರ ತವರುಮನೆಯ ಚಿತ್ರಗಳಿದ್ದವಂತೆ. ಮನೆ ಮಾರಾಟವಾಗುವ ಮೊದಲು ಅವರ ಮಗ ಊರಿಗೆ ಹೋಗಿ ಜಗಲಿ, ನಡುಮನೆ, ತುಳಸಿಕಟ್ಟೆ, ಬಾವಿ, ಹಿತ್ತಿಲ ಹಲಸಿನ ಮರ ಹೀಗೆ ಒಂದೊಂದನ್ನೂ ತೆಗೆದಿಟ್ಟಿದ್ದ. ಕೊಂಡವರು ಆ ಮನೆಯನ್ನು ಕೆಡವಿಯೂ ಆಗಿತ್ತು. ಚಿತ್ರ ತೆಗೆದ ಫೋನು ಕೆಟ್ಟುಹೋಗಿದ್ದರಿಂದ ಬೇರೆ ಪ್ರತಿಯೂ ಇರಲಿಲ್ಲ.

ಊರಿನ ಅಣ್ಣನಿಗೆ ಕಳಿಸಲೆಂದು ಮೂರು ಚಿತ್ರಗಳನ್ನು ಪ್ರಿಂಟು ಹಾಕಿಸಲು ಸ್ಟೇಶನ್ನಿನ ಬಳಿಯ ಝೆರಾಕ್ಸ್ ಅಂಗಡಿಗೆ ಹೋದರು. ಪ್ರಿಂಟುಗಳು ಮಸುಕಾಗಿ ಬಂದುವಾದ್ದರಿಂದ ಬೇರೆ ಕಡೆ ನೋಡಿದರಾಯಿತೆಂದು ಡ್ರೈವನ್ನು ಮರಳಿ ತಂದರು. ಮನೆಯಲ್ಲಿ ಮಗನ ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಚಿತ್ರಗಳೆಲ್ಲ ಮಾಯ! ಮೂಲೆಯಲ್ಲಿ ಬಾಣದ ಗುರುತಿದ್ದ ಒಂದೇ ಒಂದು ಶಾರ್ಟ್‌ಕಟ್ ಕಾಣುತ್ತಿತ್ತು. ಅದನ್ನು ಒತ್ತಿದರೂ ಏನೂ ತೆರೆಯಲೊಲ್ಲದು.

“ತಮ್ಮಾ, ಮನೆ ಹೋಯಿತು, ಈಗ ಮನೆಯ ಪಟವೂ ಹೋಯಿತು,” ಎಂದರು. ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿಬಿಡೋಣವೆಂದು ಮಗ ಹೇಳಿದಾಗ ಅವರು ಡ್ರೈವನ್ನು ಅವನ ಕೈಯಿಂದ ಕಸಿದುಕೊಂಡೇ ಬಂದಿದ್ದರು. ಕಸಿದುಕೊಂಡದ್ದು ಬಹಳ ಒಳ್ಳೆಯದಾಯಿತು.

ನಾವು ಮೊದಲು ನೋಡಿದ್ದು ಡ್ರೈವಿನ ತೂಕವನ್ನು. ತೂಕವೆಂದರೆ ತಕ್ಕಡಿಯದಲ್ಲ, ಡ್ರೈವಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆಗೆದರೆ ಎಷ್ಟು ಜಾಗ ತುಂಬಿದೆಯೆಂಬದು ತಿಳಿಯುತ್ತದೆ. ಹದಿನಾರು ಜೀಬಿಯ ಡ್ರೈವಿನಲ್ಲಿ ಆರು ಜೀಬಿ ತುಂಬಿತ್ತು. ಒಳಗೆ ಏನೂ ಇಲ್ಲವಾದರೆ ಆ ಆರು ಜೀಬಿಯನ್ನು ಆಕ್ರಮಿಸಿದವರು ಯಾರು? “ಅಕ್ಕಾ, ನಿಮ್ಮ ಮನೆ ಒಳಗೇ ಇದೆ, ಗಾಬರಿ ಬೇಡ,” ಎಂದೆವು.

ಇಂಥ ಕೆಲಸ ಮಾಡುವದು ‘ವರ್ಮ್’, ಅಂದರೆ ಹುಳು. ವೈರಸ್ ಬೇರೆ, ಹುಳು ಬೇರೆ. ವೈರಸ್ಸಿಗೆ ಇನ್ನೊಂದು ಪ್ರೋಗ್ರಾಮಿನ ಬೆನ್ನೇರದೆ ಗತಿಯಿಲ್ಲ. ಹುಳುವಾದರೋ ತಾನೇ ಒಂದು ಪೂರ್ಣ ಪ್ರೋಗ್ರಾಮು, ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಹರಡುತ್ತದೆ. ಸೋಂಕು ತಗಲಿದ ಯಂತ್ರದೊಳಗೆ ಸದ್ದಿಲ್ಲದೆ ಕುಳಿತು, ಯಾರಾದರೂ ಪೆನ್ ಡ್ರೈವ್ ಹಚ್ಚಿಯಾರೇ ಎಂದು ಕಾಯುತ್ತಿರುತ್ತದೆ. ಹಚ್ಚಿದ ಕೂಡಲೇ ತನ್ನ ಪ್ರತಿಯೊಂದನ್ನು ಅದರಲ್ಲಿ ಬಚ್ಚಿಡುತ್ತದೆ. ನಮ್ಮ ಕಡತಗಳನ್ನೆಲ್ಲ ಹೆಸರೇ ಇಲ್ಲದಂಥ ಒಂದು ಫೋಲ್ಡರಿಗೆ ತಳ್ಳಿ, ಅದಕ್ಕೆ ‘ಕಾಣಬಾರದು’, ‘ಇದು ಯಂತ್ರದ ಸ್ವಂತ ಸಾಮಾನು’ ಎಂಬ ಎರಡು ಮುದ್ರೆಗಳನ್ನು ಒತ್ತುತ್ತದೆ. ಹೊರಗೆ ಡ್ರೈವಿನದೇ ಚಿತ್ರವಿರುವ ಒಂದು ಶಾರ್ಟ್‌ಕಟ್ಟನ್ನು ಇಡುತ್ತದೆ. ಅದನ್ನು ಒತ್ತಿದರೆ ಮೊದಲು ಹುಳು ಎಚ್ಚರಗೊಳ್ಳುತ್ತದೆ, ಆಮೇಲೆ ನಿಜವಾದ ಫೋಲ್ಡರೂ ತೆರೆಯುತ್ತದೆ. ಕಡತಗಳು ಕಂಡವಲ್ಲ ಎಂದು ನಾವು ನಿಶ್ಚಿಂತರಾಗುತ್ತೇವೆ. ಅಷ್ಟರಲ್ಲಿ ನಮ್ಮ ಯಂತ್ರಕ್ಕೂ ಸೋಂಕು ತಗಲಿರುತ್ತದೆ.

ಹಾಗಾದರೆ ಈ ಭಗಿನಿಯ ಮನೆಯಲ್ಲಿ ಏಕೆ ತೆರೆಯಲಿಲ್ಲ? ಮಗನ ಕಂಪ್ಯೂಟರಿನಲ್ಲಿದ್ದ ಕಾವಲು ತಂತ್ರಾಂಶವು ಹುಳುವನ್ನು ಕಂಡೊಡನೆ ಹೊಡೆದುಹಾಕಿತ್ತು. ಹುಳು ಸತ್ತಿತು, ಆದರೆ ಅದು ಒತ್ತಿದ ಮುದ್ರೆಗಳು ಹಾಗೇ ಉಳಿದವು, ಶಾರ್ಟ್‌ಕಟ್ಟು ದಿಕ್ಕಿಲ್ಲದ್ದಾಯಿತು. ಎಷ್ಟೋ ಮನೆಗಳಲ್ಲಿ ಕಡತ ಅಳಿಸಿಹೋಯಿತೆಂದು ಅಳುವದು ಇಂಥ ಸಂದರ್ಭದಲ್ಲಿಯೇ.

ಈ ಪೀಡೆ ಹೊಸದೇನಲ್ಲ. ಅಮೇರಿಕೆಯಲ್ಲಿ ೧೯೮೨ರಲ್ಲಿ ರಿಚ್ ಸ್ಕ್ರೆಂಟಾ ಎಂಬ ಶಾಲಾ ಹುಡುಗನು ಗೆಳೆಯರನ್ನು ಕಾಡಲು ಮಾಡಿದ ‘ಎಲ್ಕ್ ಕ್ಲೋನರ್’ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿತ್ತು. ೧೯೮೬ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಕೂಡ ಫ್ಲಾಪಿಯ ಮೂಲಕವೇ ದೇಶಾಂತರ ಹೋಯಿತು. ಇವು ವೈರಸ್ಸಿನ ಜಾತಿಯವು. ಹುಳುಗಳಿಗೆ ಹೆದ್ದಾರಿಯನ್ನು ಹಾಕಿಕೊಟ್ಟದ್ದು ಒಂದು ಸೌಕರ್ಯ. ವಿಂಡೋಸ್ ೯೫ರಲ್ಲಿ, ಸೀಡಿಯನ್ನು ಹಾಕಿದೊಡನೆ ಅದರೊಳಗಿನ ಪ್ರೋಗ್ರಾಮು ತಾನಾಗಿ ಓಡಲೆಂದು ‘ಆಟೋರನ್’ ಎಂಬ ಏರ್ಪಾಡನ್ನು ಮಾಡಿದ್ದರು. ಪೆನ್ ಡ್ರೈವುಗಳು ಬಂದ ಮೇಲೆ ಅದೇ ಬಾಗಿಲಿನಿಂದ ಹುಳುಗಳು ನುಗ್ಗಿದವು. ೨೦೦೮ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಲಕ್ಷಗಟ್ಟಲೆ ಯಂತ್ರಗಳನ್ನು ಹೊಕ್ಕಿತು. ಅದರ ಎರಡನೆಯ ತಳಿಯು ಪೆನ್ ಡ್ರೈವಿನಲ್ಲಿಯೂ ಸಂಚರಿಸಿತು. ಅದೇ ವರ್ಷ ಮಧ್ಯಪೂರ್ವದ ನೆಲೆಯೊಂದರಲ್ಲಿ ಅಮೇರಿಕೆಯ ಸೈನ್ಯದ ಲ್ಯಾಪ್‌ಟಾಪಿಗೆ ಯಾರೋ ಹಚ್ಚಿದ ಡ್ರೈವಿನಿಂದ ಹುಳು ಸೈನ್ಯದ ಜಾಲಕ್ಕೆಲ್ಲ ಹರಡಿ, ಕೆಲಕಾಲ ಆ ಸೈನ್ಯದಲ್ಲಿ ಪೆನ್ ಡ್ರೈವನ್ನೇ ನಿಷೇಧಿಸಬೇಕಾಯಿತು. ೨೦೧೦ರ ಜೂನ್‌ನಲ್ಲಿ ಪತ್ತೆಯಾದ ‘ಸ್ಟಕ್ಸ್‌ನೆಟ್’ ಇರಾನಿನ ನತಾಂಜ್ ಅಣುಕೇಂದ್ರಕ್ಕಾಗಿ ಹೆಣೆದದ್ದು. ಅದು ಡ್ರೈವಿನಲ್ಲಿದ್ದರೆ ಒತ್ತುವದೂ ಬೇಡ, ಶಾರ್ಟ್‌ಕಟ್ಟಿನ ಚಿತ್ರ ತೆರೆಯ ಮೇಲೆ ಮೂಡಿದರೆ ಸಾಕಿತ್ತು. ಇರಾನ್, ಇಂಡೋನೇಷ್ಯಾಗಳ ಜೊತೆಗೆ ಭಾರತದಲ್ಲಿಯೂ ಅದು ಅನೇಕ ಯಂತ್ರಗಳಲ್ಲಿ ಸಿಕ್ಕಿತು.

೨೦೦೯ರ ವಿಂಡೋಸ್ ೭ರಲ್ಲಿ ಪೆನ್ ಡ್ರೈವಿಗೆ ಆಟೋರನ್ ತೆಗೆದುಹಾಕಿದರು. ೨೦೧೧ರ ಫೆಬ್ರುವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ತಾಗಳಿಗೂ ತಿದ್ದುಪಡಿ ಬಂತು. ಬಾಗಿಲು ಮುಚ್ಚಿದ ಮೇಲೆ ಹುಳುಗಳು ನಮ್ಮ ಕೈಯಿಂದಲೇ ಚಿಲಕ ತೆಗೆಸುವ ಉಪಾಯ ಹೂಡಿದವು. ಅದೇ ಈ ಶಾರ್ಟ್‌ಕಟ್ಟು.

ಇನ್ನು ಔಷಧದ ಮಾತು. ಡ್ರೈವಿಗಿಂತ ಮೊದಲು ಕಂಪ್ಯೂಟರನ್ನು ಶುದ್ಧ ಮಾಡಬೇಕು. ಇಲ್ಲವಾದರೆ ತೊಳೆದ ಡ್ರೈವನ್ನು ಹಚ್ಚಿದ ಮರುಗಳಿಗೆಯೇ ಅದು ಮತ್ತೆ ಮೈಲಿಗೆ. ಇದನ್ನರಿಯದೆ ನಾವೇ ಒಮ್ಮೆ ಒಂದೇ ಡ್ರೈವನ್ನು ನಾಲ್ಕು ಸಲ ಫಾರ್ಮ್ಯಾಟ್ ಮಾಡಿ ಕುಳಿತಿದ್ದೆವು! ವಿಂಡೋಸಿನ ಜೊತೆಗೇ ಬರುವ ‘ಡಿಫೆಂಡರ್’ ಸಾಕು. ಮೊದಲು ಅದಕ್ಕೆ ಹೊಸ ತಿದ್ದುಪಡಿಗಳನ್ನು ಇಳಿಸಿಕೊಳ್ಳಬೇಕು. ಆಮೇಲೆ ಅದರಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’ ಎಂಬದನ್ನು ಆರಿಸಿದರೆ ಯಂತ್ರವು ಮುಚ್ಚಿ ಮತ್ತೆ ತೆರೆದು, ವಿಂಡೋಸ್ ಏಳುವ ಮುಂಚೆಯೇ ಹುಡುಕಾಟ ನಡೆಸುತ್ತದೆ. ಓಡಾಡುತ್ತಿರುವ ಹುಳುವಿಗೆ ಅಡಗಿಕೊಳ್ಳುವದು ಗೊತ್ತು. ಮಲಗಿರುವಾಗ ಹಿಡಿಯುವದು ಸುಲಭ.

ಆಮೇಲೆ ಡ್ರೈವು. ಹಚ್ಚಿ, ತೆರೆಯದೆ, ಹೆಸರಿನ ಮೇಲೆ ಬಲಗುಂಡಿ ಒತ್ತಿ ಅದನ್ನೂ ಸ್ಕ್ಯಾನ್ ಮಾಡಿಸಬೇಕು. ಮುದ್ರೆಗಳನ್ನು ಅಳಿಸಲು ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿಯಲ್ಲಿ ‘ಅಟ್ರಿಬ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ, ಎಚ್, ಎಸ್, ಆರ್ ಎಂಬ ಮೂರು ಅಕ್ಷರಗಳನ್ನು, ಒಂದೊಂದರ ಹಿಂದೆಯೂ ಕಳೆಯುವ ಗುರುತನ್ನಿಟ್ಟು, ಬಿಡಿಬಿಡಿಯಾಗಿ ಬರೆಯುತ್ತಾರೆ. ಕೊನೆಗೆ ಡ್ರೈವಿನ ಅಕ್ಷರ ಮತ್ತು ಒಳಗಿನ ಫೋಲ್ಡರುಗಳಿಗೂ ಅನ್ವಯಿಸುವ ಗುರುತುಗಳು. ತಿಳಿದವರನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಮಾಡುವದು ಲೇಸು. ಅಷ್ಟು ರಗಳೆ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಫೋಲ್ಡರ್ ಆಯ್ಕೆಗಳಲ್ಲಿ ‘ಹಿಡನ್ ಫೈಲುಗಳನ್ನು ತೋರಿಸು’ ಎಂಬದನ್ನು ಗುರುತಿಸಿ, ‘ರಕ್ಷಿತ ಸಿಸ್ಟಮ್ ಫೈಲುಗಳನ್ನು ಮರೆಮಾಡು’ ಎಂಬದರ ಗುರುತನ್ನು ತೆಗೆದರೆ ಸಾಕು. ನಾವು ಮಾಡಿದ್ದು ಇದನ್ನೇ. ಹೆಸರಿಲ್ಲದ ಫೋಲ್ಡರೊಂದು ಮಂಜಿನೊಳಗಿಂದ ಎದ್ದಂತೆ ಕಂಡಿತು. ತೆರೆದಾಗ ಮೊದಲು ಬಂದದ್ದು ಬಾವಿಕಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಸಿಕ್ಕಿತೆಂದು ಎಲ್ಲವನ್ನೂ ಬಾಚಿಕೊಳ್ಳಬಾರದು. ಕಡತದ ಹೆಸರಿನ ಬಾಲವನ್ನು ನೋಡಬೇಕು. ಚಿತ್ರಕ್ಕೆ ‘ಜೆಪಿಜಿ’ ಎಂದಿರುತ್ತದೆ. ‘ಇಎಕ್ಸ್‌ಇ’, ‘ವಿಬಿಎಸ್’, ‘ಎಸ್‌ಸಿಆರ್’ ಬಾಲದವು ಚಿತ್ರಗಳ ನಡುವೆ ಕಂಡರೆ ಅವು ನಮ್ಮವಲ್ಲ, ಫೋಲ್ಡರಿನ ವೇಷ ಹಾಕಿದ್ದರೂ ಸರಿ. ಒಳ್ಳೆಯವನ್ನಷ್ಟೇ ಬೇರೆ ಕಡೆ ಎರಡು ಪ್ರತಿ ಮಾಡಿಟ್ಟ ಮೇಲೆ ಡ್ರೈವನ್ನು ಫಾರ್ಮ್ಯಾಟ್ ಮಾಡಿದೆವು. ಮಗ ಮೊದಲೇ ಹೇಳಿದ್ದ ಕೆಲಸವೇ, ಆದರೆ ಕೊನೆಗೆ. ಹುಳು ಎಚ್ಚತ್ತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಿದವರು ಪಾಸ್‌ವರ್ಡನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಾಯಿಸುವದು ಅವಶ್ಯ.

ಅಂಗಡಿಯವನಿಗೂ ಹೋಗಿ ತಿಳಿಸಿದೆವು. ಪಾಪ, ದಿನಕ್ಕೆ ಎಷ್ಟೋ ಜನರ ಡ್ರೈವು ಹಚ್ಚುವ ಯಂತ್ರ. ಅವನ ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಿಂದ ಉಚಿತ ತಿದ್ದುಪಡಿಯೇ ನಿಂತಿದೆ. ಮಾಡಿಸುತ್ತೇನೆಂದ. ಮಾಡಿಸಿದನೋ ಇಲ್ಲವೋ ಕೇಳಲು ಮತ್ತೆ ಹೋಗಿಲ್ಲ.

ಭಗಿನಿಯು ಈಗ ಸಣ್ಣದೊಂದು ಬೇರೆ ಡ್ರೈವನ್ನು ಕೊಂಡಿದ್ದಾರೆ. ಅದರಲ್ಲಿ ಜಗಲಿ, ತುಳಸಿಕಟ್ಟೆ, ಬಾವಿ ಈ ಮೂರೇ ಚಿತ್ರಗಳು. ಅಂಗಡಿಗೆ ಹೋಗುವದು ಅದೊಂದೇ. ಉಳಿದವು ಮನೆಯ ಕಪಾಟಿನಲ್ಲಿ ಒಂದು, ಮಗಳ ಮನೆಯಲ್ಲಿ ಇನ್ನೊಂದು. ಅಣ್ಣನಿಗೆ ಮೂರೂ ಪಟಗಳು ತಲುಪಿದವೆಂದು ಮೊನ್ನೆ ಫೋನು ಮಾಡಿ ತಿಳಿಸಿದರು. ತುಳಸಿಕಟ್ಟೆಯ ಹಿಂದೆ ಬಟ್ಟೆ ಒಣಹಾಕಿದ್ದು ಬಿದ್ದಿದೆಯೆಂದು ಅಣ್ಣ ಆಕ್ಷೇಪಿಸಿದರಂತೆ.