ಹಳೆಯ ಲಾರಿ ಎಂಜಿನಿನ ನಿಷ್ಕಾಸ ಗ್ಯಾಸ್ಕೆಟ್ಟು: ಆಯ್ಕೆ ಮತ್ತು ಜೋಡಣೆ

ಚನ್ನರಾಯಪಟ್ಟಣದ ತೆಂಗಿನಕಾಯಿ, ಹೊಳೆನರಸೀಪುರ ಹಾಗೂ ಅರಕಲಗೂಡು ಸೀಮೆಯ ಆಲೂಗೆಡ್ಡೆ ಮುಂತಾದುವು ದೂರದ ಪೇಟೆಗಳಿಗೆ ಸಾಗುವುದು ಲಾರಿಗಳಲ್ಲಿ. ಹಾಸನದಿಂದ ಪಶ್ಚಿಮಕ್ಕೆ ಹೊರಟ ಲಾರಿ ಸಕಲೇಶಪುರವನ್ನು ದಾಟಿ ಶಿರಾಡಿ ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಹಿಂದಿರುಗುವಾಗ ಭಾರ ಹೊತ್ತು ಅದೇ ಘಟ್ಟವನ್ನು ಹತ್ತಬೇಕು. ಇಂಥ ಏರಿನಲ್ಲಿ ಎಂಜಿನಿನ ಹೊರಮೈಯಲ್ಲಿ ಅತ್ಯಧಿಕವಾಗಿ ಕಾಯುವ ಭಾಗವೆಂದರೆ ಹೊಗೆಯನ್ನು ಸಿಲಿಂಡರುಗಳಿಂದ ಹೊರಗೊಯ್ಯುವ ನಿಷ್ಕಾಸ ನಳಿಗೆ. ಕಾರ್ಯಾಗಾರಗಳಲ್ಲಿ ಇದನ್ನೇ ಎಗ್ಜಾಸ್ಟ್ ಮ್ಯಾನಿಫೋಲ್ಡ್ ಎನ್ನುವರು. ಇದಕ್ಕೂ ಸಿಲಿಂಡರ್ ಹೆಡ್ಡಿಗೂ ನಡುವಣ ಸಂದನ್ನು ಮುಚ್ಚುವುದೇ ಗ್ಯಾಸ್ಕೆಟ್ಟಿನ ಕೆಲಸ.

1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸಲಾರಂಭಿಸಿತು. ಆ ಪರಂಪರೆಯ ಆರು ಸಿಲಿಂಡರಿನ ಡೀಸೆಲ್ ಎಂಜಿನನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಲೆಕ್ಕವನ್ನು ಮಾಡೋಣ. ಎರಕದ ಕಬ್ಬಿಣವು ಒಂದು ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗದಷ್ಟು ಹಿಗ್ಗುತ್ತದೆ. ನಳಿಗೆಯ ಉದ್ದ 80 ಸೆಂಟಿಮೀಟರ್, ಅದರ ತಾಪದ ಏರಿಕೆ 400 ಡಿಗ್ರಿ ಎಂದಿಟ್ಟುಕೊಂಡರೆ ಅದು ಸುಮಾರು 3.5 ಮಿಲಿಮೀಟರ್ ಬೆಳೆಯುವುದು. ನೀರಿನಿಂದ ತಣಿಯುವ ಹೆಡ್ಡಿನ ತಾಪ 65 ಡಿಗ್ರಿ ಮಾತ್ರ ಏರಿದರೆ, ಅಷ್ಟೇ ಉದ್ದಕ್ಕೆ ಅದರ ಹಿಗ್ಗುವಿಕೆ 0.6 ಮಿಲಿಮೀಟರಿಗಿಂತ ಕಡಿಮೆ. ಆದುದರಿಂದ ಈ ಸಂಧಿಯು ಪ್ರತಿ ಸಲ ಕಾದು ಆರುವಾಗಲೂ ಜಾರುತ್ತದೆ. ಗ್ಯಾಸ್ಕೆಟ್ಟು ಹೊಗೆಯನ್ನು ತಡೆಯುವುದರೊಡನೆ ಈ ಜಾರುವಿಕೆಯನ್ನೂ ಸಹಿಸಬೇಕು.

ಆಯ್ಕೆಯ ನಿಯಮಗಳು ಈ ತತ್ತ್ವದಿಂದಲೇ ಹೊರಡುತ್ತವೆ. ಮೊದಲು ಎರಡು ಮುಖಗಳನ್ನೂ ಶುಚಿಮಾಡಿ, ನೇರಪಟ್ಟಿಯನ್ನಿಟ್ಟು ಫೀಲರ್ ಗೇಜಿನಿಂದ ಡೊಂಕನ್ನು ಅಳೆಯಬೇಕು. ಮುಖ ನಯವಾಗಿ ಸಮತಲವಾಗಿದ್ದರೆ ತೆಳುವಾದ ಉಬ್ಬುಗೆರೆಯ ಉಕ್ಕಿನ ಗ್ಯಾಸ್ಕೆಟ್ಟು ಸಾಕು. ಅಲ್ಪಸ್ವಲ್ಪ ಒರಟಾಗಿದ್ದರೆ ಉಕ್ಕಿನ ತಿರುಳಿಗೆ ಗ್ರಾಫೈಟ್ ಹೊದಿಸಿದುದು ಮೇಲು. ಡೊಂಕು ತಯಾರಕರ ಮಿತಿಯನ್ನು ಮೀರಿದ್ದರೆ ಮುಖವನ್ನು ಯಂತ್ರದಲ್ಲಿ ಸಮಮಾಡಿಸಲೇಬೇಕು. ಎರಡು ಗ್ಯಾಸ್ಕೆಟ್ಟುಗಳನ್ನು ಒಂದರ ಮೇಲೊಂದಿಡುವುದು ಪರಿಹಾರವಲ್ಲ. ಗ್ಯಾಸ್ಕೆಟ್ಟಿನ ರಂಧ್ರವು ಹೆಡ್ಡಿನ ದ್ವಾರಕ್ಕಿಂತ ಚಿಕ್ಕದಾಗಿರಕೂಡದು.

ಜೋಡಿಸುವಾಗ ಎಂಜಿನು ತಣ್ಣಗಿರಬೇಕು. ನಡುವಣ ಬೋಲ್ಟುಗಳಿಂದಾರಂಭಿಸಿ ಎರಡೂ ತುದಿಗಳತ್ತ ಸರಿಯುತ್ತ, ಎರಡು ಮೂರು ಸುತ್ತುಗಳಲ್ಲಿ ಟಾರ್ಕ್ ವ್ರೆಂಚಿನಿಂದ ಬಿಗಿಯತಕ್ಕದ್ದು. ತುದಿಗಳನ್ನು ಮೊದಲೇ ಬಿಗಿದರೆ ನಡುಭಾಗ ಸರಿಯಾಗಿ ಕೂರುವುದಿಲ್ಲ. ಅತಿಯಾಗಿ ಬಿಗಿದರೆ ಜಾರಲು ಎಡೆಯಿಲ್ಲದೆ ನಳಿಗೆ ಸೀಳಬಹುದು, ಇಲ್ಲವೆ ಸ್ಟಡ್ಡು ಮುರಿಯಬಹುದು. ಒಮ್ಮೆ ಕಾಯಿಸಿ ಆರಿಸಿದ ಮೇಲೆ ಮರಳಿ ಬಿಗಿಯಬೇಕೆ ಎಂಬುದು ಗ್ಯಾಸ್ಕೆಟ್ಟಿನ ಜಾತಿಯನ್ನು ಅವಲಂಬಿಸಿದೆ. ಈ ವಿಷಯದಲ್ಲಿ ತಯಾರಕರ ಸೂಚನೆಯೇ ಪ್ರಮಾಣ.

ಸೋರಿಕೆಯನ್ನು ಗುರುತಿಸುವ ಬಗೆಯನ್ನೂ ಇಲ್ಲಿ ಹೇಳಬೇಕು. ತಣ್ಣಗಿರುವ ಎಂಜಿನನ್ನು ನಡೆಸಿದೊಡನೆ ಟಿಕ್ ಟಿಕ್ ಎಂಬ ಸದ್ದು ಕೇಳಿ, ಲೋಹ ಕಾದು ಹಿಗ್ಗಿದಂತೆ ಅಡಗುವುದುಂಟು. ಸದ್ದು ಅಡಗಿದ ಮಾತ್ರಕ್ಕೆ ಸಂಧಿ ಸರಿಯಾಯಿತೆನ್ನಲಾಗದು. ಅಂಚಿನಲ್ಲಿ ಕೂತ ಮಸಿಯೇ ಅದಕ್ಕೆ ಸಾಕ್ಷಿ. ಹೀಗೆ ಸೋರಿದ ಹೊಗೆ ಚಾಲಕನೂ ಕ್ಲೀನರನೂ ಕೂರುವ ಕ್ಯಾಬಿನ್ನಿಗೆ ನುಗ್ಗಬಲ್ಲುದು. ಡೀಸೆಲ್ ಹೊಗೆಯು ಮಾನವರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ವರ್ಗೀಕರಿಸಿತು. ಕೆಲಸಗಾರನಿಗೆ ಇನ್ನೊಂದು ಅಪಾಯವೂ ಉಂಟು. ಹಿಂದಿನ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸಾಮಾನ್ಯವಾಗಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಹಳೆಯ ಪದರವನ್ನು ಒಣಗಿದಂತೆಯೇ ಕೆರೆಯದೆ, ಗಾಳಿ ಊದದೆ, ನೀರಿನಿಂದ ನೆನೆಸಿ, ತಕ್ಕ ಮುಖಕವಚವನ್ನು ಧರಿಸಿ ತೆಗೆಯುವುದು ಅವಶ್ಯ.

ಒಂದೇ ಎಂಜಿನಿನಲ್ಲಿ ಗ್ಯಾಸ್ಕೆಟ್ಟು ಮತ್ತೆ ಮತ್ತೆ ಸುಡುತ್ತಿದ್ದರೆ ಹೊಸದನ್ನು ಕೊಳ್ಳುವ ಮೊದಲು ಮುಖದ ಸಮತೆಯನ್ನೂ ಬೋಲ್ಟುಗಳ ಬಿಗಿಯನ್ನೂ ಅಳೆಯುವುದು ಉಚಿತ. ಉಷ್ಣ ಪ್ರಸರಣದ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವನ್ನು ನಮ್ಮ ವಿದ್ಯಾರ್ಥಿಗಳು ದೂರ ಹೋಗಿ ಹುಡುಕಬೇಕಾಗಿಲ್ಲ.