ಸುಡುಮದ್ದಿಗೂ ದಾಸ್ತಾನಿಗೂ ನಡುವೆ ಎಷ್ಟು ದೂರ?

ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಿ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರ ಬೆಳಗಿನ ಜಾವ ನೂರಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಆಕಾಶಕ್ಕೆ ಹಾರಿಸಿದ ಮದ್ದಲ್ಲ, ಹಾರಿಸಲೆಂದು ಆವರಣದ ಕಟ್ಟಡದಲ್ಲಿ ಪೇರಿಸಿಟ್ಟ ಮದ್ದು. ಕಿಡಿ ತಗುಲಿ ದಾಸ್ತಾನು ಸ್ಫೋಟಗೊಂಡಾಗ ಕಟ್ಟಡದ ಕಾಂಕ್ರೀಟ್ ಚೂರುಗಳೇ ಜನರ ಮೇಲೆ ಎರಗಿದವು. ಎಂಟು ವರ್ಷದ ನಂತರ, 2024ರ ಅಕ್ಟೋಬರ್ ಕೊನೆಯಲ್ಲಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನವೊಂದರ ತೆಯ್ಯಂ ಕಳಿಯಾಟ ಉತ್ಸವದಲ್ಲಿ ಅದೇ ಕಥೆ ಮರುಕಳಿಸಿತು. ಸಿಡಿಸುವ ಜಾಗದ ಪಕ್ಕದಲ್ಲೇ ಮದ್ದಿನ ಕೋಣೆ, ಅದಕ್ಕೆ ತಾಗಿಯೇ ನಿಂತಿದ್ದ ಜನ, ಹಾರಿ ಬಂದ ಕಿಡಿ. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರನ್ನು ಮಂಗಳೂರಿನ ಆಸ್ಪತ್ರೆಗಳಿಗೆ ತರಬೇಕಾಯಿತು. 2023ರ ಅಕ್ಟೋಬರ್ 7ರಂದು ನಮ್ಮ ಅತ್ತಿಬೆಲೆಯಲ್ಲಂತೂ ಪ್ರದರ್ಶನವೇ ಇರಲಿಲ್ಲ. ಲಾರಿಯಿಂದ ಪಟಾಕಿ ಇಳಿಸುತ್ತಿದ್ದ ಹೊತ್ತಿನಲ್ಲಿ ಮಳಿಗೆಗೆ ಬೆಂಕಿ ಬಿದ್ದು, ದೀಪಾವಳಿಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರು ಒಳಗೇ ಸುಟ್ಟುಹೋದರು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ: ಬಾಣಬಿರುಸಿನ ಸುರಕ್ಷತೆ ಶುರುವಾಗುವುದು ದಾಸ್ತಾನಿನಿಂದ. ಅದನ್ನು ಬೆಂಕಿಯಿಂದಲೂ ಜನರಿಂದಲೂ ದೂರ ಇಡದಿದ್ದರೆ ಉಳಿದ ಯಾವ ಎಚ್ಚರಿಕೆಯೂ ಕೈಹಿಡಿಯದು.

ಇದನ್ನು ಹೇಳಿದರೆ ಕಸುಬುದಾರರಿಗೆ ಸರ್ಕಾರಿ ಕಟ್ಟಳೆಯ ಮಾತಿನಂತೆ ಕೇಳಿಸಬಹುದು. ಆದರೆ ಬಾಣಬಿರುಸಿನ ಕಸುಬೇ ದೂರ ಮತ್ತು ಸಮಯದ ಲೆಕ್ಕಾಚಾರ. ದೊಡ್ಡ ಪ್ರದರ್ಶನಗಳಲ್ಲಿ ಹೂವಿನಂತೆ ಅರಳುವ ಒಂದು ಗುಂಡನ್ನೇ ನೋಡಿ. ಕೊಳವೆಯ ತಳದಲ್ಲಿರುವ ಕರಿಮದ್ದು ಹೊತ್ತಿ ಗುಂಡನ್ನು ಮೇಲಕ್ಕೆ ಎಸೆಯುತ್ತದೆ. ಅದೇ ಬೆಂಕಿಯಿಂದ ಒಳಗಿನ ಬತ್ತಿ ಉರಿಯತೊಡಗಿ, ಗುಂಡು ಏರಿ ಏರಿ ವೇಗ ಕಳೆದುಕೊಳ್ಳುವ ಹೊತ್ತಿಗೆ ನಡುವಿನ ಒಡೆಮದ್ದನ್ನು ಮುಟ್ಟುತ್ತದೆ. ಸುತ್ತಲೂ ಜೋಡಿಸಿಟ್ಟ ಬಣ್ಣದ ಉಂಡೆಗಳು ಆಗ ಹೊತ್ತಿಕೊಂಡು ಚೆದುರುತ್ತವೆ. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ಹಳದಿಗೆ ಸೋಡಿಯಂ, ನೀಲಿಗೆ ತಾಮ್ರ. ಇವುಗಳಲ್ಲಿ ಒಳ್ಳೆಯ ನೀಲಿ ತರುವುದು ಇಂದಿಗೂ ಕಷ್ಟ, ಏಕೆಂದರೆ ಜ್ವಾಲೆಯ ಬಿಸಿ ಸ್ವಲ್ಪ ಹೆಚ್ಚಾದರೂ ಬಣ್ಣ ಮಾಸುತ್ತದೆ. ಬತ್ತಿ ಬೇಗ ಉರಿದರೆ ಗುಂಡು ತಗ್ಗಿನಲ್ಲೇ ಒಡೆಯುತ್ತದೆ, ತಡವಾದರೆ ಕೆಳಗಿಳಿಯುತ್ತಾ ಒಡೆಯುತ್ತದೆ. ಆಗ ಹೂವು ಸೊಟ್ಟಗಾಗುವುದಲ್ಲದೆ ಉರಿಯುವ ಉಂಡೆಗಳು ನೆಲ ಮುಟ್ಟುತ್ತವೆ. ಅಂದವನ್ನು ಕೆಡಿಸುವ ತಪ್ಪೇ ಜನರಿಗೂ ಅಪಾಯ ತರುತ್ತದೆ ಎಂಬುದನ್ನು ಗಮನಿಸಬೇಕು.

ಗುಂಡಿನ ಗಾತ್ರ ಹೆಚ್ಚಿದಷ್ಟೂ ಜನ ಹಿಂದೆ ಸರಿಯಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆಯ ಪ್ರಕಾರ ಗುಂಡಿನ ವ್ಯಾಸದ ಪ್ರತಿ ಇಂಚಿಗೆ 70 ಅಡಿ. ಆರಿಂಚಿನ ಗುಂಡಾದರೆ 420 ಅಡಿ ಆಚೆಗೆ ಜನ. ಅಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಗಳ ಬಳಕೆ ವ್ಯಾಪಕ. ಒಳಗೇ ಗುಂಡು ಸಿಡಿದರೂ ಅವು ಕಬ್ಬಿಣದಂತೆ ಹರಿತ ಚೂರುಗಳಾಗಿ ಹಾರುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ವಿದ್ಯುತ್ತಿನಿಂದ ಸಿಡಿಸುವ ಪದ್ಧತಿ. ಕೈಯಿಂದ ಬತ್ತಿ ಹಚ್ಚಿ, ಅದೇ ಕೊಳವೆಗೆ ಮತ್ತೆ ಗುಂಡು ತುಂಬುವ ಕ್ರಮದಲ್ಲಿ ದಾಸ್ತಾನು ಕೈಗೆಟಕುವಷ್ಟು ಹತ್ತಿರ ಇರಲೇಬೇಕು. ಒಂದೊಂದು ಗುಂಡಿಗೂ ಒಂದೊಂದು ಕೊಳವೆಯಿಟ್ಟು, ಎಲ್ಲವನ್ನೂ ಮೊದಲೇ ತುಂಬಿಸಿ, ದೂರದಿಂದ ಗುಂಡಿ ಒತ್ತಿದರೆ ಹತ್ತಿರದ ದಾಸ್ತಾನಿನ ಅಗತ್ಯವೇ ಇಲ್ಲ. ಖರ್ಚು ಹೆಚ್ಚು ಎನ್ನುವುದು ನಿಜ. ಗುಂಡುಗಳ ಸಂಖ್ಯೆ ಕಡಿಮೆ ಮಾಡಿದರೆ ಆ ಖರ್ಚು ಸರಿಹೊಂದುತ್ತದೆ.

ಜಾಗವೇ ಇಲ್ಲ ಎನ್ನುವ ತಕರಾರು ಇನ್ನೂ ಗಟ್ಟಿಯದು. ಮದ್ದಿನ ಕೋಣೆಗೂ ಸಿಡಿಸುವ ಜಾಗಕ್ಕೂ 200 ಮೀಟರ್ ಅಂತರ ಇರಬೇಕೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದಾಗ, ತ್ರಿಶೂರಿನ ತೇಕ್ಕಿನ್‌ಕಾಡ್ ಮೈದಾನದಲ್ಲಿ ಅದು ಸಾಧ್ಯವಿಲ್ಲ, ಪೂರಂ ಉತ್ಸವದ ಸಂಪ್ರದಾಯವೇ ನಿಲ್ಲುತ್ತದೆ ಎಂದು ಅಲ್ಲಿನ ದೇವಸ್ವಂಗಳು, ಅಂದರೆ ದೇವಸ್ಥಾನದ ಆಡಳಿತ ಮಂಡಳಿಗಳು, ಪ್ರತಿಭಟಿಸಿದವು. ಸಿಡಿಸುವ ವೇಳೆಗೆ ಕೋಣೆ ಖಾಲಿಯಿದ್ದರೆ ಈ ಅಂತರ ಅನ್ವಯಿಸದು ಎಂಬ ಕಾನೂನು ಅಭಿಪ್ರಾಯದ ಬಲದಲ್ಲಿ 2025ರ ಪೂರಂನಲ್ಲಿ ಮದ್ದು ಸಿಡಿಯಿತು. ಸಂಪ್ರದಾಯ ಉಳಿಯಿತು, ನಿಯಮದ ಉದ್ದೇಶವೂ ಉಳಿಯಿತು. ಖಾಲಿ ಕೋಣೆಗೆ ಕಿಡಿ ಬಿದ್ದರೆ ಯಾರೂ ಸಾಯುವುದಿಲ್ಲವಲ್ಲ! ಆದರೆ ಆ ಷರತ್ತು ಕಾಗದದಲ್ಲೇ ಉಳಿಯದಂತೆ, ಕೋಣೆ ಖಾಲಿಯಿದೆಯೇ ಎಂದು ಅಧಿಕಾರಿಯೊಬ್ಬರು ಬಾಗಿಲು ತೆಗೆಸಿ ನೋಡಲೇಬೇಕು.

ಸದ್ದಿನ ಪೈಪೋಟಿಯ ಬಗ್ಗೆ ಮಾತ್ರ ನನಗೆ ಯಾವ ಸಹಾನುಭೂತಿಯೂ ಇಲ್ಲ. ಪುಟ್ಟಿಂಗಲ್‌ನಲ್ಲಿ ಜಿಲ್ಲಾಡಳಿತ ಅನುಮತಿ ನಿರಾಕರಿಸಿದ್ದರೂ ಎರಡು ತಂಡಗಳ ನಡುವೆ ಸ್ಪರ್ಧೆ ನಡೆದಿತ್ತು. ಸದ್ದೇ ಗೆಲುವಿನ ಅಳತೆಯಾದಾಗ ಪೊಟ್ಯಾಸಿಯಂ ಕ್ಲೋರೇಟ್‌ನಂಥ ಅಗ್ಗದ, ಉಗ್ರ ರಾಸಾಯನಿಕದ ಆಸೆ ಹುಟ್ಟುತ್ತದೆ. ಗಂಧಕದ ಜತೆ ಸೇರಿದರೆ ಉಜ್ಜಿದರೂ ಸಾಕು, ಬಡಿದರೂ ಸಾಕು, ಹೊತ್ತಿಕೊಳ್ಳುವ ಮಿಶ್ರಣವದು. ಅದನ್ನು ಭಾರತದಲ್ಲಿ 1992ರಲ್ಲೇ ನಿಷೇಧಿಸಲಾಗಿದೆ. ಪೈಪೋಟಿ ಇಲ್ಲದೆ ಕಲೆ ಬೆಳೆಯದು ಎನ್ನುವವರು ಜಪಾನಿನ ಓಮಗಾರಿಯತ್ತ ನೋಡಬೇಕು. 1910ರಲ್ಲಿ ಶುರುವಾದ ಅಲ್ಲಿನ ಸ್ಪರ್ಧೆಯಲ್ಲಿ ಕುಶಲಿಗಳು ತಾವೇ ತಯಾರಿಸಿದ ಗುಂಡುಗಳನ್ನು ಸಿಡಿಸುತ್ತಾರೆ. ತೀರ್ಪುಗಾರರು ನೋಡುವುದು ಹೂವು ಎಷ್ಟು ದುಂಡಗೆ ಅರಳಿತು, ಬಣ್ಣ ಎಷ್ಟು ಶುದ್ಧವಾಗಿ ಬಂತು ಎಂಬುದನ್ನು.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಟ್ಟರಾಗದೇ? ಅತ್ತಿಬೆಲೆಯ ನಂತರ ನಮ್ಮ ರಾಜ್ಯ ಸರ್ಕಾರ ಮೆರವಣಿಗೆ, ಮದುವೆಗಳಲ್ಲಿ ಪಟಾಕಿ ನಿಷೇಧದ ಮಾತಾಡಿತು. ಬೇಡಿಕೆ ಉಳಿದಿರುವಾಗ ನಿಷೇಧ ಬಂದರೆ ತಯಾರಿಕೆ ಪರವಾನಗಿಯಿಲ್ಲದ ಶೆಡ್ಡುಗಳಿಗೆ ಸರಿಯುವ ಭಯವಿದೆ. ಅಲ್ಲಿ ತಪಾಸಣೆ ಇರದು, ಕೆಲಸಗಾರನಿಗೆ ತರಬೇತಿಯೂ ಇರದು. ಹಾಗಾಗಿ ದೇವಸ್ಥಾನದ ಆಡಳಿತ ಮಂಡಳಿಗಳಿಗೂ ಉತ್ಸವ ಸಮಿತಿಗಳಿಗೂ ನನ್ನ ವಿನಂತಿ ಇಷ್ಟು: ಸುಡುಮದ್ದಿನ ಗುತ್ತಿಗೆದಾರರ ಜತೆ ದರ ಮಾತಾಡುವ ಮೊದಲು ಪರವಾನಗಿ ತೋರಿಸಲು ಹೇಳಿ, ಮದ್ದು ಎಲ್ಲಿಡುತ್ತೀರಿ, ಸಿಡಿಸುವ ಹೊತ್ತಿಗೆ ಅಲ್ಲಿ ಎಷ್ಟು ಉಳಿದಿರುತ್ತದೆ ಎಂದು ಕೇಳಿ. ಒಪ್ಪುವಂಥ ಉತ್ತರ ಬರದಿದ್ದರೆ ಆ ವರ್ಷ ಸುಡುಮದ್ದು ಬೇಡ ಎಂದು ಹೇಳಿ ಕಳಿಸಿ.